ತಂದೆಯ ತೊಟ್ಟಿ, ಮಗನ ಮಣ್ಣು

1849ರಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ಪ್ರದೇಶದ ಅಪಾಥೆಕರೀಸ್ ಹಾಲ್‌ನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು 12 ಗ್ಯಾಲನ್, ಅಂದರೆ ಸುಮಾರು 55 ಲೀಟರ್ ಹಿಡಿಯುವ ತೊಟ್ಟಿಯೊಂದನ್ನು ಅಣಿಗೊಳಿಸಿದರು. ತಳದಲ್ಲಿ ಮರಳು, ಕೆಸರು, ಒಂದಷ್ಟು ಕಲ್ಲು. ಅದರಲ್ಲಿ ಬೇರು ಬಿಟ್ಟ ವ್ಯಾಲಿಸ್ನೇರಿಯ ಎಂಬ ನೀರುಗಿಡ. ಎರಡು ಚಿಕ್ಕ ಗೋಲ್ಡ್‌ಫಿಶ್. ಔಷಧಿ ತಯಾರಕರ ಸಂಘದ ಆ ಕಟ್ಟಡದಲ್ಲಿ ರಸಾಯನಶಾಲೆಯ ಹೊಣೆ ವಾರಿಂಗ್ಟನ್ನರದು. ಸಂಸಾರದ ವಾಸವೂ ಅಲ್ಲೇ. ಮೀನು ಬಿಡುವ ಇಂಗಾಲದ ಡೈಆಕ್ಸೈಡನ್ನು ಗಿಡ ಹೀರಿಕೊಂಡು, ಗಿಡ ಬಿಡುವ ಆಮ್ಲಜನಕವನ್ನು ಮೀನು ಉಸಿರಾಡುವುದಾದರೆ ನೀರು ಬದಲಿಸುವ ಪ್ರಮೇಯವೇ ಬರಬಾರದು ಎಂಬುದು ಅವರ ಲೆಕ್ಕ.

ಮೊದಮೊದಲು ಲೆಕ್ಕ ಸರಿಯಾಗಿಯೇ ಇತ್ತು. ಆಮೇಲೆ ವ್ಯಾಲಿಸ್ನೇರಿಯದ ಹಳೆಯ ಎಲೆಗಳು ಕೊಳೆಯತೊಡಗಿದವು. ನೀರು ಕದಡಿತು. ಗಾಜಿನ ಒಳಮೈಗೆ ಹಸಿರು ಲೋಳೆ ಹತ್ತಿತು. ಗಿಡವೂ ಇದೆ, ಮೀನೂ ಇದೆ, ಆದರೂ ನೀರು ಕೆಡುತ್ತಿದೆ. ಇಂಥ ಹೊತ್ತಿನಲ್ಲಿ ತೊಟ್ಟಿ ಬರಿದು ಮಾಡಿ ಹೊಸ ನೀರು ತುಂಬುವುದು ಯಾರಿಗಾದರೂ ಹೊಳೆಯುವ ಉಪಾಯ. ವಾರಿಂಗ್ಟನ್ ಹಾಗೆ ಮಾಡಲಿಲ್ಲ. ಹೊಂಡ, ಕೊಳಗಳಲ್ಲಿ ಬಿದ್ದ ಎಲೆಯನ್ನು ತಿಂದು ಮುಗಿಸುವವರು ಯಾರು ಎಂದು ಯೋಚಿಸಿ, ಐದಾರು ಕೊಳದ ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತ ಎಲೆ ತಿಂದವು, ಲೋಳೆಯನ್ನು ಕೆರೆದು ತಿಂದವು, ಮೊಟ್ಟೆಯಿಟ್ಟವು. ಆ ಮೊಟ್ಟೆ, ಮರಿಗಳು ಮೀನಿಗೆ ಊಟವಾದವು. ನೀರು ತಿಳಿಯಾಯಿತು. 1850ರಲ್ಲಿ ಇದನ್ನೆಲ್ಲ ಅವರು ಕೆಮಿಕಲ್ ಸೊಸೈಟಿಯ ಮುಂದೆ ಓದಿದರು.

ನನ್ನ ದೃಷ್ಟಿಯಲ್ಲಿ ಅವರ ಹೆಚ್ಚುಗಾರಿಕೆ ಬಸವನಹುಳುವಿನಲ್ಲಿ ಮಾತ್ರ ಇಲ್ಲ. ಮಬ್ಬು ಕಂಡಾಗ ನೀರಿಗೆ ಏನು ಬೆರೆತಿದೆ ಎಂದಷ್ಟೇ ಕೇಳದೆ, ಇರಬೇಕಾದ ಯಾವ ಜೀವಿ ಇಲ್ಲಿ ಇನ್ನೂ ಬಂದಿಲ್ಲ ಎಂದು ಕೇಳಿದರಲ್ಲ, ಅದು ದೊಡ್ಡದು. ಹೊಸದಾಗಿ ಉಪ್ಪುನೀರಿನ ತೊಟ್ಟಿ ಇಟ್ಟು, ಮೂರು ನಾಲ್ಕು ದಿನಕ್ಕೆ ನೀರು ಬೆಳ್ಳಗಾಯಿತೆಂದು ಕಂಗಾಲಾಗುವವರು ಇವತ್ತಿಗೂ ಕೇಳಬೇಕಾದ ಪ್ರಶ್ನೆ ಅದೇ. ಉತ್ತರದ ಅರ್ಧ ಮಾತ್ರ ವಾರಿಂಗ್ಟನ್ನರಿಗೆ ಸಿಕ್ಕಿತು. ಉಳಿದರ್ಧವನ್ನು ಹುಡುಕಿದವರಲ್ಲಿ ಒಬ್ಬರು ಅವರ ಮನೆಯಲ್ಲೇ ಬೆಳೆಯುತ್ತಿದ್ದರು. ಅಪ್ಪನ ಹೆಸರನ್ನೇ ಹೊತ್ತ ಹತ್ತು ಹನ್ನೊಂದರ ಹುಡುಗ, ಆರೋಗ್ಯ ಅಷ್ಟಕ್ಕಷ್ಟೆ, ರಸಾಯನಶಾಸ್ತ್ರವನ್ನು ಕಲಿತದ್ದು ಅಪ್ಪನ ಪ್ರಯೋಗಶಾಲೆಯಲ್ಲಿ.

ಸಿಹಿನೀರು ಹಿಡಿತಕ್ಕೆ ಬಂದ ಮೇಲೆ ಅಪ್ಪ ವಾರಿಂಗ್ಟನ್ ಸಮುದ್ರದ ನೀರಿಗೆ ಕೈ ಹಾಕಿದರು. ಅವರಿಗಿಂತ ಮೊದಲೇ ಲಂಡನ್ನಿನಲ್ಲಿ ಒಬ್ಬ ಮಹಿಳೆ ಕಡಲಜೀವಿಗಳನ್ನು ಸಾಕಿದ್ದರು. 1846ರಲ್ಲಿ ಆನಾ ಥಿನ್ ಟಾರ್ಕಿ ಕರಾವಳಿಯಿಂದ ಒಂಟಿ ಹವಳಗಳನ್ನು ತಂದು ವೆಸ್ಟ್‌ಮಿನ್‌ಸ್ಟರಿನ ತಮ್ಮ ಮನೆಯಲ್ಲಿ ಇಟ್ಟುಕೊಂಡರು. ದಾರಿಯಲ್ಲಿ ಕುಲುಕಾಡದಿರಲೆಂದು ಹವಳಗಳನ್ನು ಸೂಜಿ ದಾರದಿಂದ ದೊಡ್ಡ ಸ್ಪಂಜಿಗೆ ಹೊಲಿದು ತಂದಿದ್ದರಂತೆ. ಮನೆಯ ಕೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು ಅರ್ಧ ಮುಕ್ಕಾಲು ಗಂಟೆ ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ಏರ್ ಪಂಪು ಮಾಡುವ ಕೆಲಸವನ್ನು ಅಂದು ಹೆಂಗಸೊಬ್ಬಳ ತೋಳು ಮಾಡಿತು. ಆಕೆಯ ಹೆಸರನ್ನು ಯಾರೂ ಬರೆದಿಡದೇ ಹೋದದ್ದು ನನಗೆ ಬೇಸರದ ವಿಷಯ.

ಕಂದು, ಕೆಂಪು ಕಡಲಪಾಚಿಗಳನ್ನು ಹಾಕಿದಾಗ ನೀರು ಕೆಡುತ್ತದೆ, ಅಲ್ವಾದಂಥ ಹಸಿರು ಪಾಚಿ ಹಾಕಿದರೆ ಉಳಿಯುತ್ತದೆ ಎಂದು ವಾರಿಂಗ್ಟನ್ ಕಂಡುಕೊಂಡರು. ಅದೇ ಕಾಲಕ್ಕೆ ಫಿಲಿಪ್ ಹೆನ್ರಿ ಗಾಸ್ ಇದೇ ಹುಚ್ಚು ಹಿಡಿಸಿಕೊಂಡಿದ್ದರು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಗಾಸ್ ಬರೆದ ಪುಸ್ತಕ ಬಂತು. ಸಮುದ್ರ ದೂರವಿದ್ದವರಿಗಾಗಿ ಗಾಸ್ ಒಂದು ಸೂತ್ರವನ್ನೂ ಕೊಟ್ಟರು: ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್. ಈ ನಾಲ್ಕನ್ನು ತೂಕ ಹಾಕಿ ನೀರಿಗೆ ಬೆರೆಸಿದರೆ ಕಡಲ ನೀರು ಸಿದ್ಧ. ಬೆಂಗಳೂರಿನಂಥ ಒಳನಾಡಿನ ಊರಿನಲ್ಲಿ ಇವತ್ತು ಆರ್‌ಓ ನೀರಿಗೆ ಪ್ಯಾಕೆಟ್ ಉಪ್ಪು ಕಲಸುವವರೆಲ್ಲ ಅಂದಿನ ಆ ಸೂತ್ರದ ವಾರಸುದಾರರೇ.

ಇಂಗ್ಲೆಂಡಿನಲ್ಲಿ ಮನೆ ಮನೆಗೂ ತೊಟ್ಟಿ ಬಂತು, ಹಾಗೆಯೇ ಮನೆ ಮನೆಯಲ್ಲೂ ನೀರು ಕೆಟ್ಟಿತು. ಕರಾವಳಿಗೆ ಹೋದವರು ಕೈಗೆ ಸಿಕ್ಕ ಏಡಿ, ಸೀಗಡಿ, ಕಡಲಹೂಗಳನ್ನೆಲ್ಲ ಒಂದೇ ದಿನ ತಂದು ತುಂಬುತ್ತಿದ್ದರು. ಪಾಚಿ ಹಾಕಿದ್ದೇವೆ, ಸಮತೋಲ ಕೂಡಿಬರಬೇಕು ಎಂದು ಕಾದರೆ ನೀರು ಬೆಳ್ಳಗಾಗಿ ನಾರುತ್ತಿತ್ತು. ಎಲ್ಲೋ ಏನೋ ತಪ್ಪುತ್ತಿತ್ತು. ಅದನ್ನು ಕೈಯಳತೆಯಲ್ಲಿ ಹಿಡಿದವರು ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಲ್ಲಿ ತೆರೆದ ಕ್ರಿಸ್ಟಲ್ ಪ್ಯಾಲೆಸ್ ಅಕ್ವೇರಿಯಂನಲ್ಲಿ ಅವರು ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಕತ್ತಲ ಸಂಪನ್ನು ನೆಲದಡಿ ಕಟ್ಟಿಸಿ, ಪಂಪಿನಿಂದ ಹಗಲಿರುಳು ನೀರು ಸುತ್ತಿಸಿದರು. ಒಮ್ಮೆ ತಂದ ಕಡಲ ನೀರೇ ಮತ್ತೆ ಮತ್ತೆ ತಿರುಗುತ್ತ ತಿಳಿಯಾಗಿ ಉಳಿಯಿತು. ಗಾಳಿ ಸಿಕ್ಕಿದರೆ ಕೊಳೆ ಸುಟ್ಟುಹೋಗುತ್ತದೆ ಎಂಬುದು ಆ ಕಾಲದ ವಿವರಣೆ. ಯಾರು ಸುಡುತ್ತಾರೆ ಎಂಬುದು ಗೊತ್ತಿರಲಿಲ್ಲ.

ಇಲ್ಲಿ ಕತೆಯನ್ನು ಸ್ವಲ್ಪ ನಿಲ್ಲಿಸಿ ಮಬ್ಬನ್ನೇ ಹತ್ತಿರದಿಂದ ನೋಡಬೇಕು. ಎಲ್ಲ ಮಬ್ಬೂ ಒಂದೇ ಅಲ್ಲ. ಬೆಂಗಳೂರಿನ ಗೆಳೆಯರೊಬ್ಬರ ಮನೆಯಲ್ಲಿ ಹೊಸ ತೊಟ್ಟಿಯ ನೀರು ಬೆಳ್ಳಗಾಗಿದೆ ಎಂದಾಗ ನಾವು ಮಾಡಿದ ಮೊದಲ ಕೆಲಸ ಎರಡು ಗಾಜಿನ ಲೋಟಗಳಲ್ಲಿ ಆ ನೀರನ್ನು ತುಂಬಿ ಕಪ್ಪು ಬಟ್ಟೆಯ ಮುಂದೆ ಇಟ್ಟದ್ದು. ಮಬ್ಬು ನಿಮಿಷದೊಳಗೆ ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಗಾಳಿಗುಳ್ಳೆ. ಪಂಪು ಎಲ್ಲೋ ಗಾಳಿ ಎಳೆಯುತ್ತಿದೆ ಎಂದರ್ಥ. ಹೊತ್ತು ಕಳೆದಂತೆ ಮೇಲಿನಿಂದ ಕೆಳಕ್ಕೆ ತಿಳಿಯಾಗಿ ತಳದಲ್ಲಿ ಬಿಳಿ ಹುಡಿ ಕೂತರೆ ಅದು ಸರಿಯಾಗಿ ತೊಳೆಯದೆ ಹಾಕಿದ ಅರಗೊನೈಟ್ ಮರಳಿನ ದೂಳು, ಇಲ್ಲವೇ ನೀರಿನಿಂದ ಹೊರಬಿದ್ದ ಸುಣ್ಣ. ಎರಡನೆಯ ಲೋಟಕ್ಕೆ ವಿನಿಗರ್ ಹಾಕಿ ಕಲಕಿದೆವು. ಸುಣ್ಣವಾಗಿದ್ದರೆ ಆಮ್ಲದಲ್ಲಿ ಕರಗಿ ನೀರು ತಿಳಿಯಾಗಬೇಕು. ಆಗಲಿಲ್ಲ. ಮೊದಲ ಲೋಟದ ತಳದಲ್ಲೂ ರಾತ್ರಿ ಕಳೆದರೂ ಏನೂ ಕೂತಿರಲಿಲ್ಲ. ಹಾಲಿನ ಹನಿ ಬೆರೆತಂತೆ ಅದೇ ಬಿಳಿಚು ಉದ್ದಕ್ಕೂ ಒಂದೇ ಸಮ. ಅಮೋನಿಯ ಕಿಟ್ಟಿನ ಕೊಳವೆಯಲ್ಲಿ ನೀರು ಕಡುಹಸಿರಾಯಿತು.

ಸುಣ್ಣದ ಮಬ್ಬಿಗೂ ಒಂದು ಮಾತು ಸಲ್ಲಬೇಕು, ಅದು ಉಪ್ಪುನೀರಿಗೇ ವಿಶೇಷ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 410 ಮಿಲಿಗ್ರಾಂ ಕ್ಯಾಲ್ಸಿಯಂ ಕರಗಿರುತ್ತದೆ, ಕಾರ್ಬೊನೇಟೂ ಇರುತ್ತದೆ. ಎರಡೂ ಸೇರಿ ಯಾವಾಗ ಬೇಕಾದರೂ ಸುಣ್ಣದ ಕಲ್ಲಾಗಿ ಹೊರಬೀಳಬಹುದಾದಷ್ಟು ಇವೆ. ಅದನ್ನು ತಡೆಯುತ್ತಿರುವುದು ಮುಖ್ಯವಾಗಿ ಕ್ಯಾಲ್ಸಿಯಂನ ಮೂರು ಪಟ್ಟು ಇರುವ ಮೆಗ್ನೀಸಿಯಂ. ಬಕೆಟ್ಟಿನ ತಳದಲ್ಲಿ ಉಪ್ಪು ಸುರಿದು ಅದರ ಮೇಲೆ ನೀರು ಹೊಯ್ದರೆ ತಳದಲ್ಲಿ ಒಂದು ಕ್ಷಣ ಎಲ್ಲವೂ ವಿಪರೀತ ಗಾಢವಾಗಿ ಸುಣ್ಣ ಬಿದ್ದೇಬಿಡುತ್ತದೆ. ಆಮೇಲೆ ಎಷ್ಟು ಕಲಕಿದರೂ ಅದು ಪೂರ್ತಿ ಕರಗುವುದಿಲ್ಲ. ಹಾಗಾಗಿ ಮೊದಲು ನೀರು, ಆಮೇಲೆ ಕಲಕುತ್ತ ಕಲಕುತ್ತ ಉಪ್ಪು. ಪಿಎಚ್ ಏರಿಸುವ ದ್ರಾವಣವನ್ನು ಒಮ್ಮೆಲೇ ಸುರಿದರೂ ಇದೇ ಪಾಡು.

ಗೆಳೆಯರ ತೊಟ್ಟಿಯ ಮಬ್ಬು ಸುಣ್ಣದ್ದೂ ಅಲ್ಲ, ದೂಳಿನದೂ ಅಲ್ಲ. ಅದು ಜೀವವಿದ್ದದ್ದು. ಮೀನಿನ ಎಂಜಲು, ಹೇಲು, ಕಲ್ಲಿನ ಮೇಲೆ ಸತ್ತ ಚಿಕ್ಕಪುಟ್ಟ ಜೀವಿಗಳು, ಇವನ್ನು ತಿನ್ನುವ ಬ್ಯಾಕ್ಟೀರಿಯಗಳು ಒಂದೇ ಗಂಟೆಯೊಳಗೆ ದುಪ್ಪಟ್ಟಾಗಬಲ್ಲವು. ತಡೆಯುವವರಿಲ್ಲದ ಹೊಸ ನೀರಿನಲ್ಲಿ ಅವು ಕೋಟಿಗಟ್ಟಲೆಯಾಗಿ ತೇಲುತ್ತ ಬೆಳಕನ್ನು ಚದುರಿಸುತ್ತವೆ. ಅವು ತಿಂದು ಬಿಡುವುದು ಅಮೋನಿಯ. ಜೊತೆಗೆ ನೀರಿನ ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಇಂಥ ಹೊತ್ತಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುವುದು ಅದಕ್ಕೇ. ಅಮೋನಿಯದ ನಂಜು ಪಿಎಚ್ ಏರಿದಂತೆ ಏರುತ್ತದೆ. ಪಿಎಚ್ 7ರ ಸಿಹಿನೀರಿಗೆ ಹೋಲಿಸಿದರೆ 8.2ರ ಕಡಲ ನೀರಿನಲ್ಲಿ ಅದೇ ಪ್ರಮಾಣದ ಅಮೋನಿಯದ ವಿಷರೂಪ ಹತ್ತು ಪಟ್ಟಿಗೂ ಹೆಚ್ಚು. ವಾರಿಂಗ್ಟನ್ನರ ಗೋಲ್ಡ್‌ಫಿಶ್ ತಾಳಿಕೊಂಡದ್ದನ್ನು ಕಡಲ ಮೀನು ತಾಳದು. ಅವರ ಸಮತೋಲದ ಲೆಕ್ಕದಲ್ಲಿ ಆಮ್ಲಜನಕ ಇತ್ತು, ಇಂಗಾಲ ಇತ್ತು. ಅಮೋನಿಯಕ್ಕೆ ಕಲಮು ಇರಲಿಲ್ಲ.

ಆ ಕಲಮು ಬರೆಯಲ್ಪಟ್ಟದ್ದು ಚರಂಡಿ ನೀರಿನಿಂದ. ಪ್ಯಾರಿಸ್ಸಿನ ಹೊಲಸು ನೀರನ್ನು ಮಣ್ಣು ಹೇಗೆ ಶುದ್ಧಮಾಡುತ್ತದೆ ಎಂದು ತಿಳಿಯಲು 1877ರಲ್ಲಿ ಥಿಯೊಫಿಲ್ ಶ್ಲೋಸಿಂಗ್ ಮತ್ತು ಅಶಿಲ್ ಮುಂಟ್ಸ್ ಒಂದು ಮೀಟರ್ ಉದ್ದದ ಗಾಜಿನ ಕೊಳವೆಗೆ ಕಾಯಿಸಿ ನಿರ್ಜೀವಗೊಳಿಸಿದ ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿದರು. ಮೇಲಿನಿಂದ ಚರಂಡಿ ನೀರನ್ನು ತೊಟ್ಟು ತೊಟ್ಟಾಗಿ ಬಿಟ್ಟರು. ಅದು ತಳ ಮುಟ್ಟಲು ಎಂಟು ದಿನ ಬೇಕಾಗುತ್ತಿತ್ತು. 20 ದಿನ ಏನೂ ಆಗಲಿಲ್ಲ. ಹಾಕಿದಷ್ಟೇ ಅಮೋನಿಯ ಕೆಳಗೆ ಇಳಿಯಿತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡಿತು, ದಿನದಿಂದ ದಿನಕ್ಕೆ ಏರಿತು, ಕೊನೆಗೆ ಅಮೋನಿಯ ಇಲ್ಲವೇ ಇಲ್ಲವಾಯಿತು.

ಆಗ ಅವರು ಕೊಳವೆಯೊಳಗೆ ಕ್ಲೋರೊಫಾರ್ಮ್ ಆವಿ ಹಾಯಿಸಿದರು. ಗಾಳಿಯಿಂದ ತನ್ನಷ್ಟಕ್ಕೆ ನಡೆಯುವ ರಾಸಾಯನಿಕ ಕ್ರಿಯೆಯಾಗಿದ್ದರೆ ಕ್ಲೋರೊಫಾರ್ಮ್ ಅದನ್ನು ಏನೂ ಮಾಡುತ್ತಿರಲಿಲ್ಲ. ಆದರೆ ನೈಟ್ರೇಟ್ ನಿಂತೇಹೋಯಿತು. ಆವಿಯನ್ನು ತೆಗೆದ ಮೇಲೂ ಅದು ತಿರುಗಿ ಬರಲಿಲ್ಲ. ತೋಟದ ಮಣ್ಣು ತೊಳೆದ ಒಂದಿಷ್ಟು ನೀರನ್ನು ಮೇಲಿನಿಂದ ಸುರಿದಾಗ ಮತ್ತೆ ಶುರುವಾಯಿತು. ಮರಳಿನಲ್ಲಿ ಯಾರೋ ಇದ್ದರು. ಅವರು ಸತ್ತಿದ್ದರು. ಹೊಸಬರು ಬಂದರು.

ಹೊಸ ತೊಟ್ಟಿ ಇಟ್ಟವರು ಆ 20 ದಿನಗಳನ್ನು ನೆನಪಿಟ್ಟುಕೊಳ್ಳಬೇಕೆಂದು ನನಗೆ ತುಂಬ ಆಸೆ. ಅಂಗಡಿಯವರು ‘ಟ್ಯಾಂಕ್ ಇನ್ನೂ ಸೈಕಲ್ ಆಗಿಲ್ಲ’ ಎನ್ನುವುದು ಇದನ್ನೇ. ಅಮೋನಿಯ ತಿನ್ನುವ ಜೀವಿಗಳು ದುಪ್ಪಟ್ಟಾಗಲು ಹೆಚ್ಚೂಕಡಿಮೆ ಒಂದು ದಿನ ತೆಗೆದುಕೊಳ್ಳುತ್ತವೆ. ಕೊಳೆ ತಿನ್ನುವವು ಅಷ್ಟರಲ್ಲಿ ಎಷ್ಟೋ ತಲೆಮಾರು ದಾಟಿರುತ್ತವೆ. ಮಬ್ಬು ಕಾಣಿಸುವುದು ಈ ಅಂತರದಲ್ಲಿ. ಜೊತೆಗೆ ನಿಧಾನಿಗಳು ತೇಲುವವರಲ್ಲ, ಕಲ್ಲು, ಮರಳು, ಫಿಲ್ಟರಿನ ಮೈಗೆ ಅಂಟಿ ಕೂರುವವರು. ಗಾಬರಿಯಲ್ಲಿ ಮರಳು ತೆಗೆದು ನಲ್ಲಿನೀರಲ್ಲಿ ತೊಳೆದರೆ, ಅಗತ್ಯವಿರುವವರನ್ನೇ ಕ್ಲೋರಿನ್ನಿನಿಂದ ಕೊಂದು ಮೊದಲ ದಿನಕ್ಕೆ ಹಿಂತಿರುಗಿದಂತೆ. ಗೆಳೆಯರಿಗೆ ಹೇಳಿದ್ದಿಷ್ಟೆ: ಫಿಲ್ಟರ್ ಮುಟ್ಟಬೇಡಿ, ಮೀನಿಗೆ ಊಟ ತೀರ ಕಡಿಮೆ ಮಾಡಿ, ನೀರಿನ ಮೇಲ್ಮೈ ಚೆನ್ನಾಗಿ ಕಲಕುವಂತೆ ಗಾಳಿ ಬಿಡಿ, ನೊರೆಯೊಡನೆ ಕೊಳೆ ತೆಗೆಯುವ ಸ್ಕಿಮ್ಮರ್ ಓಡಲಿ, ಅಮೋನಿಯ ಇಳಿಸಲು ಒಂದು ಪಾಲು ನೀರನ್ನಷ್ಟೇ ಅದೇ ಉಪ್ಪು, ಅದೇ ಬಿಸಿಯ ನೀರಿಗೆ ಬದಲಿಸಿ. ಮೀನನ್ನು ಇನ್ನೂ ತಂದಿರದಿದ್ದರೆ ಕಾಯುವುದನ್ನು ಬಿಟ್ಟು ಬೇರೇನೂ ಬೇಕಿರಲಿಲ್ಲ.

ಪ್ಯಾರಿಸ್ಸಿನ ಸುದ್ದಿಯನ್ನು ಕೂಡಲೇ ಕೈಗೆತ್ತಿಕೊಂಡವರು ಮಗ ವಾರಿಂಗ್ಟನ್. ಅಪ್ಪ 1867ರಲ್ಲೇ ತೀರಿಕೊಂಡಿದ್ದರು. ಮಗ 1876ರಿಂದ ಲಂಡನ್ನಿನ ಉತ್ತರಕ್ಕಿರುವ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದರು. ಅವರ ಕಣ್ಣಿದ್ದದ್ದು ಗೋಧಿ ಹೊಲದ ಮೇಲೆ, ಬೆಳೆಗೆ ಸಿಗಬೇಕಾದ ನೈಟ್ರೇಟ್ ಎಲ್ಲಿಂದ ಹುಟ್ಟುತ್ತದೆ ಎಂಬುದರ ಮೇಲೆ. 1878ರಲ್ಲಿ ಅವರು ಕ್ಲೋರೊಫಾರ್ಮ್ ಪ್ರಯೋಗವನ್ನು ತಾವೂ ಮಾಡಿ ನಿಜವೆಂದರು. ಬೆಳಕು ಬಿದ್ದರೆ ಈ ಕೆಲಸ ಕುಂಟುತ್ತದೆ, ಕತ್ತಲಲ್ಲಿ ಚುರುಕಾಗುತ್ತದೆ ಎಂದೂ ತೋರಿಸಿದರು. ಪಾಚಿಗೆ ಹೆದರಿ ಲಾಯ್ಡ್ ಕಟ್ಟಿಸಿದ ಕತ್ತಲ ಸಂಪು ಇಂಥ ಜೀವಿಗಳಿಗೆ ಎಷ್ಟು ಒಗ್ಗುವ ಜಾಗ ಎಂದು ಓದುವಾಗ ಅನ್ನಿಸದೆ ಇರದು.

ಮಗನ ದೊಡ್ಡ ಶೋಧ ಆಮೇಲಿನದು. ಕೆಲವು ಸೀಸೆಗಳಲ್ಲಿ ಅಮೋನಿಯ ನೈಟ್ರೇಟ್ ಆಗುತ್ತಿರಲಿಲ್ಲ, ನೈಟ್ರೈಟಿನಲ್ಲೇ ನಿಲ್ಲುತ್ತಿತ್ತು. ಬೇರೆ ಕೆಲವು ಸೀಸೆಗಳು ನೈಟ್ರೈಟನ್ನು ನೈಟ್ರೇಟ್ ಮಾಡುತ್ತಿದ್ದವು, ಅಮೋನಿಯವನ್ನು ಮುಟ್ಟುತ್ತಿರಲಿಲ್ಲ. ಹಾಗಾದರೆ ಕೆಲಸದವರು ಇಬ್ಬರು, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ತಿನ್ನುವವರು. ಇವತ್ತು ಹೊಸ ತೊಟ್ಟಿಯಲ್ಲಿ ಮೊದಲು ಅಮೋನಿಯ ಏರಿ ಇಳಿದು, ಆಮೇಲೆ ನೈಟ್ರೈಟ್ ಏರಿ ಇಳಿದು, ಕೊನೆಗೆ ನೈಟ್ರೇಟ್ ಉಳಿಯುವುದನ್ನು ಕಿಟ್ ಹಿಡಿದು ಅಳೆಯುವ ಪ್ರತಿಯೊಬ್ಬರೂ ಮಗ ವಾರಿಂಗ್ಟನ್ನರ ಸೀಸೆಗಳನ್ನೇ ಮತ್ತೊಮ್ಮೆ ನೋಡುತ್ತಿದ್ದಾರೆ.

ಆ ಇಬ್ಬರನ್ನು ಬೇರ್ಪಡಿಸಿ ಕಣ್ಣಿಗೆ ತೋರಿಸಬೇಕೆಂದು ಅವರು ವರ್ಷಗಟ್ಟಲೆ ಹೆಣಗಿದರು. ಆ ಕಾಲದ ವಿಧಾನವೆಂದರೆ ಜಿಲೆಟಿನ್ ತಟ್ಟೆಯ ಮೇಲೆ ಬ್ಯಾಕ್ಟೀರಿಯ ಬೆಳೆಸುವುದು. ಈ ಜೀವಿಗಳೋ ಜಿಲೆಟಿನ್ ಮೇಲೆ ಬೆಳೆಯಲೊಲ್ಲವು. ಅದರ ಮೇಲೆ ಹುಲುಸಾಗಿ ಬಂದದ್ದೆಲ್ಲ ಕೊಳೆ ತಿನ್ನುವ ಬೇರೆಯವು. ಜೂರಿಕ್‌ನಲ್ಲಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರಲ್ಲಿ ಈ ಗಂಟನ್ನು ಬಿಡಿಸಿದರು. ಸಾವಯವ ಆಹಾರವೇನನ್ನೂ ಕೊಡದೆ, ಬರೀ ಖನಿಜ ಲವಣ ಮತ್ತು ಅಮೋನಿಯದ ದ್ರಾವಣದಲ್ಲಿ ಬೆಳೆಸಿದರು. ಮುಂದೆ ಜಿಲೆಟಿನ್ ಬದಲು ಸಿಲಿಕಾದ ಜೆಲ್ ಬಳಸಿದರು. ಉಣ್ಣಲು ಬೇರೇನೂ ಇಲ್ಲದಾಗ ಕೊಳೆತಿನಿಗಳು ಹಿಂದೆ ಸರಿದು ಅಮೋನಿಯದಿಂದಲೇ ಬದುಕುವವರು ಉಳಿದರು. ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ಪರ್ಸಿ ಮತ್ತು ಗ್ರೇಸ್ ಫ್ರಾಂಕ್‌ಲ್ಯಾಂಡ್ ದಂಪತಿಯೂ ಅಲ್ಲಿಗೆ ತಲುಪಿದರು. ಮಗ ವಾರಿಂಗ್ಟನ್ನರದು ಒಂದು ಹೆಜ್ಜೆ ತಡವಾಯಿತು.

ಅಮೋನಿಯವನ್ನು ನೈಟ್ರೈಟ್ ಮಾಡುವುದಕ್ಕೆ ನೈಟ್ರೊಸೊಮೊನಾಸ್, ನೈಟ್ರೈಟನ್ನು ನೈಟ್ರೇಟ್ ಮಾಡುವುದಕ್ಕೆ ನೈಟ್ರೊಬ್ಯಾಕ್ಟರ್ ಎಂದು ಪಠ್ಯಗಳಲ್ಲಿ ಬರೆದದ್ದು ನೂರು ವರ್ಷ ಹಾಗೇ ಇತ್ತು. ಮೀನು ಸಾಕುವವರು ಅಷ್ಟೂ ಕಾಲ ತಮ್ಮ ಅನುಭವದಿಂದ ಬೇರೆ ದಾರಿಗಳನ್ನು ಮಾಡಿಕೊಂಡರು. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಬರೆದ ಲೇಖನ ಅವುಗಳಲ್ಲಿ ಮುಖ್ಯವಾದದ್ದು. ಸಮುದ್ರದಿಂದ ತಂದ ಜೀವವಿರುವ ಕಲ್ಲನ್ನು ಹಾಕಿ ಗಾಳಿಯ ಗುಳ್ಳೆ ಬಿಟ್ಟರೆ ಸಾಕು, ಫಿಲ್ಟರೇ ಬೇಡ ಎಂದು ಅವರು ತೋರಿಸಿದ್ದರು. ಕಲ್ಲಿನ ರಂಧ್ರಗಳೊಳಗೆ ಬೇಕಾದ ಜೀವಿಗಳು ಆಗಲೇ ಇದ್ದವು. ನಮ್ಮಲ್ಲಿ ಇದನ್ನು ಮಾಡಹೊರಟು ಲಕ್ಷದ್ವೀಪದ ಹವಳದ ಕಲ್ಲಿಗೆ ಕೈ ಹಾಕುವವರಿದ್ದಾರೆ. ಬಂಡೆ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಆ ದಾರಿ ಬೇಡವೇ ಬೇಡ. ಒಣಕಲ್ಲು ಹಾಕಿ, ಆರೋಗ್ಯವಾಗಿರುವ ಹಳೆಯ ತೊಟ್ಟಿಯ ಫಿಲ್ಟರಿನಿಂದ ಒಂದು ತುಂಡು ಸ್ಪಂಜು ತಂದು ಸೇರಿಸಿದರೂ ಶ್ಲೋಸಿಂಗ್ ಸುರಿದ ಮಣ್ಣಿನ ನೀರು ಮಾಡಿದ ಕೆಲಸವನ್ನೇ ಅದು ಮಾಡುತ್ತದೆ.

1990ರ ದಶಕದಲ್ಲಿ ತಿಮೊತಿ ಹೊವಾನೆಕ್ ಅಕ್ವೇರಿಯಂ ಫಿಲ್ಟರುಗಳಲ್ಲಿ ನಿಜಕ್ಕೂ ಯಾರಿದ್ದಾರೆ ಎಂದು ಡಿಎನ್‌ಎ ಹಿಡಿದು ಹುಡುಕಿದರು. ನೈಟ್ರೊಬ್ಯಾಕ್ಟರ್ ಸಿಗಲಿಲ್ಲ. ಆ ಕೆಲಸ ಮಾಡುತ್ತಿದ್ದದ್ದು ನೈಟ್ರೊಸ್ಪೈರ ಗುಂಪಿನ ಬ್ಯಾಕ್ಟೀರಿಯ ಎಂದು 1998ರಲ್ಲಿ ಅವರ ತಂಡ ಪ್ರಕಟಿಸಿತು. ಹೊವಾನೆಕ್ಕರ ಮೊದಲಿನ ಪ್ರಬಂಧದ ಸಹಲೇಖಕ ಎಡ್ವರ್ಡ್ ಡೆಲಾಂಗ್. 1992ರಲ್ಲಿ, ಸಮುದ್ರದ ನೀರಿನಲ್ಲಿ ಆರ್ಕಿಯ ಎಂಬ ಬೇರೆಯೇ ವಂಶದ ಸೂಕ್ಷ್ಮಜೀವಿಗಳಿವೆ ಎಂದು ಕಂಡವರಲ್ಲಿ ಒಬ್ಬರು ಇದೇ ಡೆಲಾಂಗ್. ಬಿಸಿ ಬುಗ್ಗೆ, ಉಪ್ಪಿನ ಮಡುಗಳಲ್ಲಿ ಮಾತ್ರ ಬದುಕುತ್ತವೆ ಎಂದುಕೊಂಡಿದ್ದ ಆ ವಂಶ, ಸಾಗರದ ಅತಿಸೂಕ್ಷ್ಮ ಜೀವಿಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಎಂದು 2001ರ ಹೊತ್ತಿಗೆ ಅಂದಾಜಾಗಿತ್ತು. ಅವು ಏನು ತಿಂದು ಬದುಕುತ್ತವೆ ಎಂಬುದು ಮಾತ್ರ ಬಿಡಿಸದ ಒಗಟು. ಪ್ರಯೋಗಶಾಲೆಯಲ್ಲಿ ಒಂದನ್ನಾದರೂ ಬೆಳೆಸಿ ನೋಡಿದವರಿರಲಿಲ್ಲ.

ಒಗಟು ಬಿಡಿಸಿದ್ದು ಅಕ್ವೇರಿಯಂ ತೊಟ್ಟಿಯೊಂದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಸ್ಟಾಲ್ ಅವರ ಪ್ರಯೋಗಶಾಲೆಯಲ್ಲಿ ಮಾರ್ಟಿನ್ ಕೊನೆಕೆ ಮತ್ತು ಸಂಗಡಿಗರು ಸಿಯಾಟಲ್ ಅಕ್ವೇರಿಯಂನ ಉಷ್ಣವಲಯದ ಕಡಲತೊಟ್ಟಿಯ ತಳದಿಂದ ಜಲ್ಲಿ ತಂದರು. ವಿನೊಗ್ರಾಡ್‌ಸ್ಕಿಯ ಉಪಾಯವನ್ನೇ ಮಾಡಿದರು: ಕೃತಕ ಕಡಲ ನೀರು, ಅಮೋನಿಯ, ಬೇರೆ ಆಹಾರ ಇಲ್ಲ. ಬ್ಯಾಕ್ಟೀರಿಯವನ್ನು ದೂರವಿಡಲು ಸ್ಟ್ರೆಪ್ಟೊಮೈಸಿನ್ ಹಾಕಿದರು, ಬಲು ಸಣ್ಣ ರಂಧ್ರದ ಜಾಲರಿಯಲ್ಲಿ ಸೋಸಿದರು. ಉಳಿದದ್ದು ಸುಮಾರು 0.2 ಮೈಕ್ರೊಮೀಟರ್ ಅಗಲದ ಪುಟ್ಟ ಕಡ್ಡಿಗಳು. ಆರ್ಕಿಯ. ಅಮೋನಿಯ ಕಡಿಮೆಯಾದಂತೆ ಅಷ್ಟೇ ಲೆಕ್ಕಕ್ಕೆ ನೈಟ್ರೈಟ್ ಏರುತ್ತಿತ್ತು, ಜೀವಕೋಶಗಳೂ ಹೆಚ್ಚುತ್ತಿದ್ದವು. 2005ರ ಸೆಪ್ಟೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಅದು ನೈಟ್ರೊಸೊಪ್ಯುಮಿಲಸ್ ಮ್ಯಾರಿಟಿಮಸ್ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಅಮೋನಿಯ ತಿನ್ನುವುದು ಬ್ಯಾಕ್ಟೀರಿಯಗಳ ಕೆಲಸ ಮಾತ್ರ ಎಂಬ 115 ವರ್ಷಗಳ ತಿಳಿವಳಿಕೆ ಅಲ್ಲಿಗೆ ಬದಲಾಯಿತು. ಇಡೀ ಸಾಗರದ ಸಾರಜನಕದ ಲೆಕ್ಕವನ್ನೇ ಹೊಸದಾಗಿ ಬರೆಯಬೇಕಾಯಿತು.

ಅದೇ ಪ್ರಯೋಗಶಾಲೆಯಿಂದ 2009ರಲ್ಲಿ ಇನ್ನೊಂದು ಪ್ರಬಂಧ ಬಂತು. ಈ ಜೀವಿ ಎಷ್ಟು ಕಡಿಮೆ ಅಮೋನಿಯದಲ್ಲಿ ಬದುಕಬಲ್ಲದು ಎಂದು ಅಳೆದರೆ, ಅದು 10 ನ್ಯಾನೊಮೋಲಾರ್ ಮಟ್ಟದವರೆಗೂ ಹೆಕ್ಕಿ ತಿನ್ನುತ್ತಿತ್ತು. ನಾವು ಮನೆಯಲ್ಲಿ ಬಳಸುವ ಕಿಟ್ ಬಣ್ಣ ಬದಲಿಸುವ ಕನಿಷ್ಠ ಮಟ್ಟಕ್ಕಿಂತ ಅದು ಸಾವಿರ ಪಟ್ಟಿಗೂ ಕೆಳಗಿದೆ. ಗೆಳೆಯರ ತೊಟ್ಟಿಯ ನೀರು ಈಗ ತಿಳಿಯಾಗಿದೆ, ಕಿಟ್ ಸೊನ್ನೆ ತೋರಿಸುತ್ತಿದೆ. ಆ ಸೊನ್ನೆಯ ಕೆಳಗೂ ಮರಳಿನಲ್ಲಿ ಅಮೋನಿಯ ಹುಟ್ಟುತ್ತಲೇ ಇದೆ, ಹುಟ್ಟಿದಷ್ಟೂ ಖರ್ಚಾಗುತ್ತಲೇ ಇದೆ.